‘ವೈರಿ’ ಹೋಗಿ ‘ನಮ್ಮ’ ಬಂದದ್ದು

ಕಳೆದ ಭಾನುವಾರ ನಮ್ಮ ಮನೆಯಂಗಳದಲ್ಲಿ ನಾನು ಪದ್ಯಗಳಲ್ಲಿ ಬರೆದ ಯಕ್ಷಗಾನದ ಕಥೆ, ಅಂದರೆ ಪ್ರಸಂಗ, ತಾಳಮದ್ದಳೆಯಾಯಿತು. ವೇಷ, ಕುಣಿತ ಇಲ್ಲದೆ ಕೂತೇ ಭಾಗವತರು ಪದ್ಯ ಹಾಡುವುದು, ಅರ್ಥದವರು ಪಾತ್ರದ ಮಾತಾಡುವುದು, ಅದೇ ತಾಳಮದ್ದಳೆ. ನಲವತ್ತು ಕುರ್ಚಿ ತರಿಸಿದ್ದೆವು. ಸಾಲದೆ ಅಡಕೆ ಒಣಗಿಸುವ ಟಾರ್ಪಾಲನ್ನೂ ಬಿಡಿಸಿ ಹಾಸಿದೆವು. ಬಂದವರಿಗೆಲ್ಲ ಅಂದೇ ಎರಡು ಮಾತು ಹೇಳಬೇಕಿತ್ತು. ಊಟ ಬಡಿಸುವ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಇದು.

ಶುರುವಾದದ್ದು 2021ರ ಮಳೆಗಾಲದಲ್ಲಿ. ತೋಟಕ್ಕೆ ಮದ್ದು ಬಿಡಲು ಜನ ಬಂದಿದ್ದರು, ಮಳೆ ಬಿಡಲಿಲ್ಲ. ಎಲ್ಲರೂ ಚಾವಡಿಯಲ್ಲಿ ಕೂತು ಚಹಾ ಕುಡಿಯುತ್ತಾ ಮಹಾಭಾರತದ ಕಥೆಗೆ ಇಳಿದೆವು. ಭೀಮ, ಹಿಡಿಂಬೆಯರ ಮಗ ಘಟೋತ್ಕಚ ಸತ್ತದ್ದು ಹದಿನಾಲ್ಕನೆಯ ದಿನದ ರಾತ್ರಿ ಯುದ್ಧದಲ್ಲಿ, ಕರ್ಣನ ಶಕ್ತ್ಯಾಯುಧದಿಂದ. ಅರ್ಜುನನಿಗೆಂದು ಕಾದಿಟ್ಟ, ಒಂದೇ ಸಲ ಬಿಡಬಹುದಾದ ಆಯುಧ ಅದು. ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರು ತುಳುವಿನಲ್ಲಿ ಕೇಳಿದರು: ‘ಹಾಗಾದರೆ ಅವನ ಅಮ್ಮನಿಗೆ ಸುದ್ದಿ ಕೊಟ್ಟದ್ದು ಯಾರು?’ ನನ್ನಲ್ಲಿ ಉತ್ತರ ಇರಲಿಲ್ಲ. ಅಂದು ರಾತ್ರಿಯೇ ಬರೆಯಲು ಕೂತೆ. ಆ ಅಕ್ಕನಿಗೆ ಮೊದಲ ನಮಸ್ಕಾರ.

ನಮ್ಮ ಬದಿಯಡ್ಕದಿಂದ ಕುಂಬಳೆ ಬಹಳ ದೂರವೇನಲ್ಲ. ಹೆಸರಾಂತ ಪ್ರಸಂಗಕವಿ ಪಾರ್ತಿಸುಬ್ಬನ ಊರಿನ ಮಗ್ಗುಲಲ್ಲಿದ್ದುಕೊಂಡು ಪ್ರಸಂಗ ಬರೆಯುತ್ತೇನೆ ಅಂತ ಹೊರಡುವುದಕ್ಕೆ ಧೈರ್ಯ ಬೇಕಿಲ್ಲ, ತಿಳಿವಳಿಕೆ ಸ್ವಲ್ಪ ಕಡಿಮೆ ಇದ್ದರೆ ಸಾಕು. ಅದರ ಮೇಲೆ ಮುಖ್ಯ ಸಂದರ್ಭಗಳೆಲ್ಲ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲೇ ಬರಬೇಕೆಂಬ ಹಟ ಬೇರೆ. ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಅಂತ ಬೆರಳು ಮಡಚುತ್ತಾ ಅನ್ನ ಸೀದುಹೋದ ದಿನಗಳುಂಟು. ಮನೆಯವರು ಆ ಅನ್ನವನ್ನೂ ಉಂಡರು. ಅವರಿಗೆ ಬೇರೆ ಕೃತಜ್ಞತೆ ಹೇಳಿದರೆ ನಗುತ್ತಾರೆ.

ಪ್ರತಿ ಶನಿವಾರ ಆ ವಾರ ಬರೆದಷ್ಟನ್ನು ನಾನೇ ಓದಿ, ದನಿ ಮುದ್ರಿಸಿ ವಾಟ್ಸಾಪಿನಲ್ಲಿ ನಿಮಗೆಲ್ಲ ಕಳಿಸುವುದು ರೂಢಿಯಾಯಿತು. ಕೆಲವು ವಾರ ನಾಲ್ಕು ಪದ್ಯ, ಕೆಲವು ವಾರ ಅರ್ಧ ಸಾಲು. ಹಿರಿಯ ಭಾಗವತರೊಬ್ಬರು, ನಾನು ಮಾವ ಎನ್ನುವವರು, ಸಿಟ್ಟಾದರು. ‘ಬಾಣಂತಿ ಕೋಣೆಗೆ ಊರನ್ನೆಲ್ಲ ಕರೆಯುವುದುಂಟಾ?’ ಅಂದರು. ಅವರ ಮಾತು ಪೂರ್ತಿ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಬಂದ ಸಲಹೆಗಳನ್ನು ನೋಡಬೇಕಿತ್ತು! ಹಿಡಿಂಬೆಗೂ ಭೀಮನಿಗೂ ಒಂದು ಶೃಂಗಾರ ಪದ ಇರಲಿ ಅಂದವರಿದ್ದರು. ಅಷ್ಟು ದುಃಖ ಆಗುವುದಿಲ್ಲ, ನಡುವೆ ಹಾಸ್ಯಗಾರನನ್ನು ತನ್ನಿ ಅಂದವರೂ ಇದ್ದರು. ಕೊನೆಯ ಏಳು ಪದ್ಯಗಳನ್ನು ನಾನು ಯಾರಿಗೂ ಕಳಿಸಲಿಲ್ಲ ಮಾವ, ಅದು ನಿಮ್ಮ ಮಾತಿಗೆ ಕೊಟ್ಟ ಮರ್ಯಾದೆ.

ಆದರೆ ಕಳಿಸದೇ ಇದ್ದಿದ್ದರೆ ಈ ಪ್ರಸಂಗ ಇಲ್ಲ. ರಣರಂಗಕ್ಕೆ ಬಂದ ಹಿಡಿಂಬೆಯ ಪದ್ಯದಲ್ಲಿ ಮೂರು ಸಾಲು ಬರೆದು ನಿಂತಿದ್ದೆ:

ಮಗನೆ ಮಲಗಿದೆ ಮಣ್ಣ ಮಡಿಲಲಿ
ಹಗಲು ಮೂಡುವ ಮುನ್ನ ಬಂದೆನು
ನಗುವ ದನಿಯೊಂದತ್ತ ಕೇಳಿತು ವೈರಿ ಬೀಡೊಳಗೆ

ಮುಂದಕ್ಕೆ ಹೋಗಲಿಲ್ಲ. ಮುಂದೆ ಬರುವುದೆಲ್ಲ ಬರೀ ಅಳು, ಶಾಪ, ಎಲ್ಲರೂ ಬರೆಯುವಂಥದ್ದು. ಐದು ತಿಂಗಳು ಹಾಗೆಯೇ ಬಿದ್ದಿತ್ತು. ಒಂದು ಶನಿವಾರ ನಾಚಿಕೆ ಬಿಟ್ಟು ಆ ಮೂರು ಸಾಲನ್ನೇ ಕಳಿಸಿದೆ. ಶಾರ್ಜಾದಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಊರಿನ ಹುಡುಗ ಬೆಳಗಿನ ಜಾವ ಉತ್ತರ ಹಾಕಿದ್ದ: ‘ಅಕ್ಕಾ, ಆ ರಾತ್ರಿ ನಕ್ಕದ್ದು ಕೌರವರಲ್ಲವಲ್ಲ. ಕುಣಿದದ್ದು ಕೃಷ್ಣ.’

ಹೌದಲ್ಲ! ಶಕ್ತ್ಯಾಯುಧ ಖರ್ಚಾಯಿತು, ಅರ್ಜುನ ಉಳಿದ ಅಂತ ಸಂತೋಷಪಟ್ಟವನು ಕೃಷ್ಣ. ಚಿಕ್ಕಂದಿನಿಂದ ಕೇಳಿದ ಕಥೆ, ಬರೆಯುವಾಗ ಮರೆತೇಹೋಗಿತ್ತು. ‘ವೈರಿ’ ಹೊಡೆದುಹಾಕಿ ‘ನಮ್ಮ’ ಅಂತ ಬರೆದೆ. ಅದೂ ಮೂರೇ ಮಾತ್ರೆ, ಛಂದಸ್ಸು ಕೂದಲೆಳೆಯಷ್ಟೂ ಅಲುಗಲಿಲ್ಲ. ‘ನಗುವ ದನಿಯೊಂದತ್ತ ಕೇಳಿತು ನಮ್ಮ ಬೀಡೊಳಗೆ.’ ಉಳಿದ ಮೂರು ಸಾಲು ಅರ್ಧ ಗಂಟೆಯಲ್ಲಿ ಬಂತು, ಉಳಿದ ಪ್ರಸಂಗ ಎರಡು ತಿಂಗಳಲ್ಲಿ. ತಮ್ಮಾ, ಆ ಒಂದು ಮಾತು ನಿನ್ನದು.

ಇನ್ನೊಂದು ಸಾಲ ಉಂಟು. ಕಳೆದ ಮಳೆಗೆ ನನ್ನ ಪುಸ್ತಕಕ್ಕೆ ಒರಲೆ ಹಿಡಿದು 22 ಪದ್ಯ ಮಣ್ಣಾಯಿತು. ಶನಿವಾರ ಕೇಳುತ್ತಿದ್ದವರಲ್ಲಿ ಮೂವರು ಹಳೆಯ ದನಿಗಳನ್ನೆಲ್ಲ ಹುಡುಕಿ, ಕೇಳಿ ಕೇಳಿ ಬರೆದು ಕಳಿಸಿದರು. ಒಬ್ಬ ಅತ್ತೆ ‘ಕಾಡ ಬೆಳಕು’ ಎಂದಿದ್ದನ್ನು ‘ಕಾಡ ಬಳುಕು’ ಅಂತ ಕೇಳಿಸಿಕೊಂಡಿದ್ದಾರೆ. ಅದೇ ಚಂದ ಕಂಡಿತು, ಹಾಗೇ ಇಟ್ಟಿದ್ದೇನೆ. ಕಾಸರಗೋಡಿನ ಡಿಟಿಪಿ ಅಂಗಡಿಯ ಹುಡುಗನಿಗೆ ಮಲಯಾಳ ಮಾತ್ರ ಬರುವುದು. ಕನ್ನಡ ಅಕ್ಷರದ ಆಕಾರ ನೋಡಿ ನೋಡಿ ಟೈಪ್ ಮಾಡಿದ. ಅವನ ಪ್ರತಿಯಲ್ಲಿ ನನ್ನ ತಪ್ಪುಗಳೂ ಒಂದೂ ಬಿಡದೆ ಬಂದಿವೆ.

ಭಾನುವಾರ ಭಾಗವತಿಕೆಗೆ ಕೂತದ್ದು ಆ ಮಾವನೇ. ಹಾರ್ಮೋನಿಯಂಗೆ ಒರಗಿಸಿಟ್ಟ ಫೋನಿನಲ್ಲಿ ಶಾರ್ಜಾದ ತಮ್ಮ ಕೇಳುತ್ತಿದ್ದ. ‘ನಮ್ಮ ಬೀಡೊಳಗೆ’ ಅಂತ ಮಾವ ಎರಡು ಸಲ ಎತ್ತಿ ಹಾಡಿ ಬಿಟ್ಟರು. ಹಿಡಿಂಬೆಯ ಅರ್ಥ ಹೇಳುವವರು ಕೂಡಲೇ ಮಾತೆತ್ತಲಿಲ್ಲ. ಮದ್ದಳೆಯವರ ಕೈ ಮದ್ದಳೆಯ ಮೇಲೆಯೇ ಇತ್ತು. ಟಾರ್ಪಾಲಿನ ಮೇಲೆ ಕೂತಿದ್ದ ಆ ತೋಟದ ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡರು. ಆಮೇಲೆ ಅರ್ಥದವರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಅರ್ಧದಷ್ಟು ನಾನು ಯೋಚಿಸಿಯೂ ಇರಲಿಲ್ಲ.

ಮಂಗಳ ಹಾಡಿ ಎದ್ದ ಮೇಲೆ ಮಾವ ನನ್ನನ್ನು ಕರೆದು 41ನೆಯ ಪದ್ಯಕ್ಕೆ ಬೆರಳಿಟ್ಟರು. ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆ, ತಾನು ಎಳೆದು ಹಾಡಿ ಮುಚ್ಚಿಹಾಕಿದೆ ಅಂದರು. ಶನಿವಾರ ಕಳಿಸುತ್ತೇನೆ, ಎಲ್ಲರೂ ಒಮ್ಮೆ ನೋಡಿ.