ಈ ವಾರದ ಹಾಡು: ಸ್ಮೋಕ್ ಆನ್ ದ ವಾಟರ್

ಎಲ್ಲರಿಗೂ ನಮಸ್ಕಾರ. ಈ ವಾರ ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ಈ ಹಾಡು ಕೇಳೋಣ. ಗಿಟಾರ್ ಕೈಗೆ ಬಂದವರು ಮೊದಲು ನುಡಿಸಿ ನೋಡೋದು ಇದನ್ನೇ ಅಲ್ವಾ? ಕೇಳೋ ಮುಂಚೆ ಇದರ ಕಥೆ ಓದಿ.

1971ರ ಡಿಸೆಂಬರ್. ಆಲ್ಬಂ ರೆಕಾರ್ಡ್ ಮಾಡಲು ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಬಂದಿತ್ತು. ಅಲ್ಲಿನ ಕ್ಯಾಸಿನೊದಲ್ಲೇ ರೆಕಾರ್ಡಿಂಗ್ ಆಗಬೇಕಿತ್ತು. ಅದಕ್ಕೂ ಮುಂಚೆ ಅಲ್ಲಿ ಅಮೆರಿಕದ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಕಾರ್ಯಕ್ರಮ. ಪ್ರೇಕ್ಷಕನೊಬ್ಬ ಫ್ಲೇರ್ ಗನ್ (ಉರಿಯುವ ಸಂಕೇತದ ಬೆಳಕು ಹಾರಿಸುವ ಪಿಸ್ತೂಲು) ಹಾರಿಸಿದ. ಚಾವಣಿಗೆ ಬೆಂಕಿ ಹತ್ತಿ ಇಡೀ ಕ್ಯಾಸಿನೊ ಸುಟ್ಟುಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಸಂಘಟಕ ಕ್ಲೋಡ್ ನೋಬ್ಸ್ ಒಳಗೆ ಓಡಿ ಹುಡುಗರನ್ನು ಹೊರಗೆ ಕರೆತಂದರು. ಹಾಡಿನಲ್ಲಿ ಅವರ ಹೆಸರೂ ಇದೆ. ಪಕ್ಕದ ಜಿನೀವಾ ಸರೋವರದ ಮೇಲೆ ಹರಡಿದ ಆ ಹೊಗೆಯೇ ಹಾಡಿನ ಹೆಸರಾಯಿತು.

ಆಮೇಲೆ ಬೇರೊಂದು ಥಿಯೇಟರ್ ಹಿಡಿದರು. ಸದ್ದಿಗೆ ಅಕ್ಕಪಕ್ಕದವರ ನಿದ್ದೆ ಕೆಟ್ಟು ಪೊಲೀಸರು ಬಂದರು. ಈ ಹಾಡಿನ ಟ್ರ್ಯಾಕ್ ಮುಗಿಯೋವರೆಗೂ ತಂಡದ ಕೆಲಸಗಾರರು ಬಾಗಿಲು ಒತ್ತಿ ಹಿಡಿದಿದ್ದರಂತೆ! ಉಳಿದ ಹಾಡುಗಳನ್ನು ಗ್ರ್ಯಾಂಡ್ ಹೋಟೆಲಿನ ಕಾರಿಡಾರ್‌ನಲ್ಲಿ ಮುಗಿಸಿದರು.

ಇಷ್ಟಾದರೂ ಇದು ಹಿಟ್ ಆಗುತ್ತೆ ಅಂತ ತಂಡಕ್ಕೇ ಅನಿಸಿರಲಿಲ್ಲ. 1972ರಲ್ಲಿ ‘ಮಷೀನ್ ಹೆಡ್’ ಆಲ್ಬಂ ಬಂದಾಗ ‘ನೆವರ್ ಬಿಫೋರ್’ ಹಾಡನ್ನು ನಂಬಿ ಸಿಂಗಲ್ ಮಾಡಿದರು, ಅಂದರೆ ಬಿಡಿ ಹಾಡಾಗಿ ಬಿಡುಗಡೆ ಮಾಡಿದರು. ಅದು ಅಷ್ಟಾಗಿ ಓಡಲಿಲ್ಲ. ‘ಸ್ಮೋಕ್ ಆನ್ ದ ವಾಟರ್’ ಸಿಂಗಲ್ ಆಗಿದ್ದು 1973ರಲ್ಲಿ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ನನಗಂತೂ ಕಥೆಯ ಈ ಭಾಗ ತುಂಬಾ ಇಷ್ಟ.

ಕೇಳುವಾಗ ಶುರುವಿನ ಮೇಲೆ ಕಿವಿ ಇಡಿ. ಮೊದಲು ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಒಂದೇ. ಆಮೇಲೆ ಆರ್ಗನ್, ಡ್ರಮ್ಸ್, ಬೇಸ್ ಬಂದು ಸೇರುತ್ತವೆ. ಹೆಡ್‌ಫೋನ್ ಇದ್ದರೆ ಒಳ್ಳೇದು. ನಿಮಗೆ ಅನಿಸಿದ್ದನ್ನು ಭಾನುವಾರದೊಳಗೆ ಇಲ್ಲೇ ಬರೆಯಿರಿ, ವಾಯ್ಸ್ ಮೆಸೇಜ್ ಆದರೂ ಸರಿ.