ಮುಂದಿನ ತಿಂಗಳಿನಿಂದ ಟಿಕೆಟ್ 350 ರೂಪಾಯಿ, ಊಟ ಮೊದಲಿನಂತೆಯೇ

ನಮಸ್ಕಾರ,

ಮುಂದಿನ ತಿಂಗಳ 1ರಿಂದ ಸುಮಾರು 4,000 ವರ್ಷ ಹಿಂದಿನ ಬದುಕು ತೋರಿಸಲು ನಾವು ಕಟ್ಟಿದ ಮಾದರಿ ಹಳ್ಳಿಗೆ ಬರುವ ದೊಡ್ಡವರ ಟಿಕೆಟ್ 250ರಿಂದ 350 ರೂಪಾಯಿ ಆಗುತ್ತದೆ. ಮಕ್ಕಳಿಗೆ ಹಳೆಯ 150 ರೂಪಾಯಿಯೇ. ಸೋಮವಾರದ ಜೊತೆ ಮಂಗಳವಾರವೂ ರಜೆ. ನಿಮಗೆ ಬೇಸರವಾಗುತ್ತದೆ ಅಂತ ಗೊತ್ತು, ಕ್ಷಮಿಸಿ.

"ಮಣ್ಣಿನ ಗುಡಿಸಲಿಗೆ ಏನ್ ಅಷ್ಟೊಂದು ಖರ್ಚು?" ಅನ್ನುವವರಿದ್ದಾರೆ. ಸ್ವಾಮಿ, ಸಿಮೆಂಟಿನದಾಗಿದ್ದರೆ ಒಂದು ಸಲ ಕಟ್ಟಿ ಸುಮ್ನೆ ಇರಬಹುದಿತ್ತು. ಇವು ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಉತ್ಖನನದಲ್ಲಿ ಗುರುತು ಸಿಕ್ಕ ದುಂಡು ಗುಡಿಸಲುಗಳ ಮಾದರಿ. ಬಿದಿರಿನ ತಡಿಕೆಗೆ ಗೆದ್ದಲು ಹತ್ತುತ್ತದೆ. ಮಳೆಗಾಲ ಮುಗಿದರೆ ಗೋಡೆಗೆ ಮತ್ತೆ ಮಣ್ಣು ಮೆತ್ತಬೇಕು. ಹುಲ್ಲು ಹೊದಿಸಲು ಬರುವವರು ಬೆಂಗಳೂರಿನ ಸುತ್ತ ಸಿಗುವುದೇ ಇಲ್ಲ. ದೂರದಿಂದ ಕರೆಸಿ, ಊಟ, ಉಳಿಯಲು ಜಾಗ ಎಲ್ಲ ಕೊಡಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೇರೆ. ಹಿಂಡಿ, ಬೂಸಾ ರೇಟಂತೂ ದನ ಸಾಕಿದವರನ್ನೇ ಕೇಳಿ.

"ದನ ಮಾರಿಬಿಡಿ" ಅಂತಲೂ ಹೇಳಿದ್ದಾರೆ. ಆಗುವುದಿಲ್ಲ. ಆ ಕಾಲದ ಜನ ಮೊದಲು ದನಗಾಹಿಗಳು. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿರುವ ಆ ಕಾಲದ ಬೂದಿ ದಿಬ್ಬ ಸಗಣಿ ರಾಶಿ ಸುಟ್ಟೇ ಆದದ್ದು. ದನ ಇಲ್ಲದ ಮೇಲೆ ನಮ್ಮದು ಬರೀ ಸಿನಿಮಾ ಸೆಟ್ ಅಷ್ಟೇ.

ಇನ್ನು ಎಲ್ಲರೂ ಹೇಳುವ ದೂರು: "ಊಟ ಸಪ್ಪೆ. ಮುದ್ದೆ ಇಲ್ಲ, ಖಾರ ಇಲ್ಲ. ಇಷ್ಟು ದುಡ್ಡಿಗೆ ಒಂದು ಬಸ್ಸಾರಾದರೂ ಬೇಡವಾ?" ಉಳಿತಾಯಕ್ಕೆ ಹೀಗೆ ಮಾಡುತ್ತೇವೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಮಾತ್ರ ನಿಜವಾಗಿ ನೋವಾಯಿತು. ನಮ್ಮ ಹಳ್ಳಿ ತೋರಿಸುವುದು ಸುಮಾರು 4,000 ವರ್ಷ ಹಿಂದಿನ ಕಾಲ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಅಮೆರಿಕ ಖಂಡದಿಂದ ಬಂದವು. ಅವನ್ನು ತಂದ ಪೋರ್ಚುಗೀಸರು ಕೋಳಿಕ್ಕೋಡಿಗೆ ಕಾಲಿಟ್ಟದ್ದೇ 1498ರಲ್ಲಿ. ಬಸವನಗುಡಿ ಪರಿಷೆಯ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ! ರಾಗಿಯ ತವರು ಪೂರ್ವ ಆಫ್ರಿಕಾ, ಅದು ಇಲ್ಲಿಗೆ ಬಂದದ್ದು ನಮ್ಮ ಹಳ್ಳಿ ತೋರಿಸುವ ಕಾಲದ ಆಮೇಲೆ. ಆ ಕಾಲದ ಊರುಗಳಿದ್ದ ಸಂಗನಕಲ್ಲು, ಹಳ್ಳೂರಿನಂಥ ಕಡೆ ಸುಟ್ಟು ಕರಿಯಾಗಿ ಉಳಿದ ಕಾಳುಗಳು ಸಿಕ್ಕಿವೆ: ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ. ಅದಕ್ಕೇ ನಿಮ್ಮ ಎಲೆಗೆ ಕೊರಲೆ ಅನ್ನ, ಹುರುಳಿ ಕಟ್ಟು, ಮಜ್ಜಿಗೆ. ಕೊರಲೆ ಅಕ್ಕಿ ಸೋನಾ ಮಸೂರಿಗಿಂತ ಎಷ್ಟು ಜಾಸ್ತಿ ಬೆಲೆ ಅಂತ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ. ಅದರ ಮೇಲೆ ನಮ್ಮ ಹೆಣ್ಣುಮಕ್ಕಳು ಅದೇ ಕಾಳನ್ನು ನಿಮ್ಮೆದುರೇ ಬೀಸುಕಲ್ಲಿಲ್ಲದೆ, ಚಪ್ಪಟೆ ಕಲ್ಲಿನ ಮೇಲೆ ಅರೆದು ತೋರಿಸುತ್ತಾರೆ. ಉಳಿತಾಯ ಮಾಡಬೇಕಿದ್ದರೆ ಚಿತ್ರಾನ್ನ ಮಾಡಿಸುತ್ತಿದ್ದೆವು, ಅಲ್ವಾ?

ಈಗಾಗಲೇ ಬುಕ್ ಮಾಡಿರುವ ಶಾಲೆಗಳಿಗೂ ಮನೆಯವರಿಗೂ ಹಳೆಯ ದರವೇ. ಅಜ್ಜ, ಅಜ್ಜಿಯನ್ನು ಕರೆತಂದರೆ ಅವರಿಗೆ ಟಿಕೆಟ್ ಕೇಳುವುದಿಲ್ಲ. ಇದು ಮೊದಲಿನಿಂದ ಇದ್ದದ್ದು, ಹಾಗೇ ಇರುತ್ತದೆ. ಖಾರ ಬೇಕೇ ಬೇಕು ಅನ್ನುವವರು ಉಪ್ಪಿನಕಾಯಿ ಡಬ್ಬಿ ತನ್ನಿ. ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ಕೂತು ತಿಂದರೆ ನಮ್ಮ ತಕರಾರಿಲ್ಲ.

ಇಂತಿ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ