ಬೈಕ್ ಕೀ ಮಾಡ್ಕೊಡೋರು ಆರ್‌ಸಿ ಕೇಳ್ಲಿ, ಲಾಕ್ ಮಾರೋ ನಾವೂ ಕೇಳೋಣ

ಸಂಪಾದಕರಿಗೆ ನಮಸ್ಕಾರ,

ನಾನು ಮಂಡ್ಯದಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಕೊಂಡಿರೋನು. ಬ್ರೇಕ್ ಶೂ, ಕ್ಲಚ್ ಕೇಬಲ್ಲು, ಚೈನ್ ಸೆಟ್ಟು ಇವುಗಳ ಜೊತೆ ನಮ್ಮಲ್ಲಿ ತಪ್ಪದೇ ಕೇಳೋ ಐಟಂ ಅಂದ್ರೆ ಲಾಕ್ ಸೆಟ್, ಅಂದ್ರೆ ಇಗ್ನಿಷನ್, ಟ್ಯಾಂಕ್, ಸೈಡ್ ಬೀಗಗಳು ಹೊಸ ಕೀ ಸಮೇತ. ಅದೂ ಮೇಲುಕೋಟೆ ವೈರಮುಡಿ ಮುಗಿದ ಮಾರನೇ ದಿನ ಕೇಳ್ಲೇಬೇಡಿ. ಜಾತ್ರೆ ನೂಕುನುಗ್ಗಲಲ್ಲಿ ಕೀ ಬೀಳಿಸ್ಕೊಂಡೋರು, ಪಶ್ಚಿಮವಾಹಿನೀಲಿ ಜೇಬು ನೋಡ್ಕೊಳ್ದೆ ಮುಳುಗಿ ಎದ್ದೋರು, ವಿಸಿ ನಾಲೆ ಏರಿ ಮೇಲೆ ಬಟ್ಟೆ ಬಿಚ್ಚಿಟ್ಟು ಈಜಿ ಬಂದು ತಡಕಾಡಿದೋರು, ಕಬ್ಬಿನ ಗದ್ದೆ ಸೋಗೆ ಒಳಗೆ ಕಳ್ಕೊಂಡೋರು, ಎಲ್ಲರದ್ದೂ ಒಂದೇ ಮಾತು, ‘ಅಣ್ಣ, ಕೀ ಹೋಗ್ಬುಡ್ತು, ಒಂದು ಲಾಕ್ ಸೆಟ್ ಕೊಡಿ.’

ಕೇಳಿದ ತಕ್ಷಣ ಡಬ್ಬ ತೆಗೆದು ಕೊಟ್ರೆ ನನಗೇನೋ ವ್ಯಾಪಾರ ಆಗುತ್ತೆ. ಆದ್ರೆ ಮೊದಲು ಎಲ್ಲಿ ಕಳೀತು ಅಂತ ಕೇಳ್ತೀನಿ. ನಾಲೆಗೆ ಬಿದ್ದಿರೋ ಕೀನ ಯಾರೂ ಮುಳುಗಿ ತೆಗ್ದು ನಿಮ್ಮ ಗಾಡಿ ಹುಡುಕ್ಕೊಂಡು ಬರಲ್ಲ, ಅಂಥದ್ದಕ್ಕೆ ಇನ್ನೊಂದು ಕೀ ಮಾಡಿಸ್ಕೊಂಡ್ರೆ ಸಾಕು, ಸುಮ್ನೆ ಯಾಕೆ ದುಡ್ಡು ದಂಡ. ಅದೇ ಗಾಡಿ ದಿನಾ ನಿಲ್ಲೋ ಜಾಗದ ಸುತ್ತಮುತ್ತ, ಆಫೀಸ್ ಪಾರ್ಕಿಂಗೋ ಕಾಲೇಜ್ ಸ್ಟ್ಯಾಂಡೋ ಮನೆ ಮುಂದಿನ ಬೀದಿಯೋ, ಅಲ್ಲಿ ಕಳೆದಿದ್ರೆ, ಇಲ್ಲ ಪರ್ಸು ಆರ್‌ಸಿ ಸಮೇತ ಹೋಗಿದ್ರೆ, ಇಲ್ಲ ಕೀ ಬಂಚ್‌ಗೆ ಗಾಡಿ ನಂಬರ್ ಬರೆಸಿರೋ ಟ್ಯಾಗ್ ಇದ್ರೆ (ಈ ಹುಚ್ಚು ನಮ್ಮ ಹುಡುಗ್ರಿಗೆ ಯಾರು ಹತ್ತಿಸಿದ್ರೋ ಕಾಣೆ) ಆಗ ಕಾಸಿನ ಮುಖ ನೋಡ್ದೆ ಫುಲ್ ಸೆಟ್ ಬದಲಾಯಿಸ್ಬುಡಿ. ಯಾಕಂದ್ರೆ ಆ ಕೀ ಸಿಕ್ಕೋನಿಗೆ ಗಾಡಿ ಯಾವುದು ಅಂತ ಹುಡುಕೋ ಕಷ್ಟವೇ ಇಲ್ಲ.

ಮನೇಲಿ ಎರಡನೇ ಕೀ ಇದ್ರೆ ಅದನ್ನ ಕೊಟ್ಟು ಇನ್ನೊಂದು ಕಾಪಿ ಹೊಡೆಸೋದು ಹತ್ತು ನಿಮಿಷದ ಕೆಲಸ. ಆದ್ರೆ ಜನ ಮಾಡ್ಸಲ್ಲ, ಇನ್ನೊಂದು ಐತಲ್ಲ ಬುಡಿ ಅಂತ ಅದರಲ್ಲೇ ವರ್ಷಗಟ್ಟಲೆ ಓಡಿಸ್ತಾರೆ, ಅದೂ ಹೋದ ಮೇಲೆ ಓಡಿ ಬರ್ತಾರೆ. ಹೊಸ ಗಾಡಿ ತಗೊಂಡಾಗ ಸುಮಾರು ಕಂಪನಿಗಳು ಕೀ ಮೇಲೇ ಇಲ್ಲಾಂದ್ರೆ ಜೊತೇಲಿ ಕೊಡೋ ಸಣ್ಣ ತಗಡಿನ ತುಂಡಿನ ಮೇಲೆ ಒಂದು ನಂಬರ್ ಒತ್ತಿರ್ತವೆ. ಆ ತಗಡನ್ನ ನಮ್ಮ ಜನ ಮೊದಲನೇ ದಿನಾನೇ ಕಿತ್ತು ಬಿಸಾಕ್ತಾರೆ. ಆ ನಂಬರ್ ಇದ್ರೆ ಎಷ್ಟೋ ಮಾಡೆಲ್‌ಗಳಿಗೆ ಶೋರೂಮಿಂದಾನೇ ಹೊಸ ಕೀ ತರಿಸ್ಬೋದು, ಲಾಕ್ ಮುಟ್ಟೋ ಅಗತ್ಯವೇ ಇಲ್ಲ. ಇದನ್ನ ಕೌಂಟರ್‌ನಲ್ಲಿ ಕೂತಿರೋರು ತಾವಾಗಿ ಹೇಳೋದು ಕಮ್ಮಿ, ಕೀ ಹೋಗಿದೆ ಅಂದ್ರೆ ‘ಲಾಕ್ ಸೆಟ್ ಆರ್ಡರ್ ಹಾಕ್ಬೇಕು ಸಾರ್, ಬರೋದು ಲೇಟ್ ಆಗುತ್ತೆ’ ಅಂತಾನೇ ಶುರು ಮಾಡ್ತಾರೆ. ಅದಕ್ಕೆ ನಂಬರ್ ಫೋಟೋ ತೆಗೆದು ಇಟ್ಕೊಳ್ಳಿ. ಆಕ್ಟಿವಾ ಎಚ್-ಸ್ಮಾರ್ಟ್ ಥರದ್ದು, 2023ರಲ್ಲಿ ಬಂತಲ್ಲ, ಅಂಥ ಸ್ಮಾರ್ಟ್ ಕೀ ಗಾಡಿಗಾದ್ರೆ ಶೋರೂಮಿಗೆ ಹೋಗೋದೇ ಸರಿ, ಅದು ಫುಟ್‌ಪಾತ್‌ನಲ್ಲಿ ಅರ ಇಟ್ಟು ಉಜ್ಜಿ ಮಾಡೋ ಕೀ ಅಲ್ಲ.

ಈಗ ನಾನು ಈ ಪತ್ರ ಬರೀತಿರೋ ವಿಷಯಕ್ಕೆ ಬರ್ತೀನಿ. ಕೀನೇ ಇಲ್ಲದ ಗಾಡಿಗೆ ಕೀ ಮಾಡೋದನ್ನ ನಿಂತು ನೋಡಿದೀರಾ? ನಿಜವಾಗ್ಲೂ ಅದೊಂದು ವಿದ್ಯೆ. ಇನ್ನೂ ಹಲ್ಲು ಕೊರೆಯದ ಬ್ಲಾಂಕ್ ಕೀ ಲಾಕ್ ಒಳಗೆ ಹಾಕಿ ಮೆತ್ತಗೆ ತಿರುಗಿಸಿ ಈಚೆ ತೆಗೀತಾರೆ, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡ್ತಾರೆ, ಒಳಗಿನ ಹಿತ್ತಾಳೆ ಪ್ಲೇಟ್ ಒತ್ತಿದ ಕಡೆ ನಮ್ಮ ನಿಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತು ಬಿದ್ದಿರುತ್ತೆ, ಅಲ್ಲಿಗೆ ಮಾತ್ರ ಅರ ಇಟ್ಟು ಒಂದೆರಡು ಸಲ ಉಜ್ಜಿ ಮತ್ತೆ ಒಳಗೆ. ಮತ್ತೆ ಈಚೆಗೆ, ಮತ್ತೆ ಬಿಸಿಲಿಗೆ. ಪೆಟ್ಟಿಗೆ ಮೇಲೆ ಹಿತ್ತಾಳೆ ಪುಡಿ ಉದುರ್ತಾ ಇರುತ್ತೆ. ಒಂದು ಪ್ಲೇಟ್ ಸರಿಯಾಗಿ ಕೂತ ಮೇಲೆ ಆ ಜಾಗದಲ್ಲಿ ಗುರುತು ಬೀಳೋದು ನಿಲ್ಲುತ್ತೆ, ಹಂಗೇ ಒಂದೊಂದಾಗಿ ಎಲ್ಲಾ ಕೂತ ಮೇಲೆ ಟಕ್ ಅಂತ ತಿರುಗುತ್ತೆ ನೋಡಿ, ಕಾಲೇಜ್‌ಗೆ ಹೋಗದ ಆ ಮನುಷ್ಯನ ಕೈಗೆ ಕೈಮುಗೀಬೇಕು ಅನ್ಸುತ್ತೆ.

ನನ್ನ ತಕರಾರು ಆ ವಿದ್ಯೆ ಮೇಲಲ್ಲ. ಇಷ್ಟೆಲ್ಲ ನಡೆಯೋವಾಗ ಈ ಗಾಡಿ ಯಾರದಪ್ಪ ಅಂತ ಒಬ್ಬರೂ ಕೇಳಲ್ಲ. ಫೋನ್ ಮಾಡಿದ್ರೆ ಗಾಡಿ ನಿಂತಿರೋ ಜಾಗಕ್ಕೇ ಬಂದು ಮಾಡ್ಕೊಡ್ತಾರೆ, ಕಾಸು ಇಸ್ಕೊಂಡು ಹೋಗ್ತಾರೆ. ನಿಜವಾದ ಓನರ್ ಫೋನ್ ಮಾಡಿದ್ರೆ ಒಳ್ಳೇದೇ, ಬೇರೆ ಯಾರಾದ್ರೂ ಮಾಡಿದ್ರೆ? ಕಳ್ಳ ಹ್ಯಾಂಡಲ್ ಲಾಕ್ ಮುರಿದ್ರೆ ಸದ್ದಾಗುತ್ತೆ, ನಾಲ್ಕು ಜನ ತಿರುಗಿ ನೋಡ್ತಾರೆ. ಹಗಲು ಹೊತ್ತಲ್ಲಿ ಕೀ ಮಾಡೋರನ್ನೇ ಕರೆಸಿ ಪಕ್ಕದಲ್ಲಿ ಟೀ ಕುಡೀತಾ ನಿಂತ್ಕೊಂಡ್ರೆ ಯಾರಿಗೆ ಅನುಮಾನ ಬರುತ್ತೆ ಹೇಳಿ.

ಹಿಂದೆ ಇದೆಲ್ಲ ದೊಡ್ಡ ವಿಷಯ ಆಗಿರ್ಲಿಲ್ಲ. ಮೈಸೂರಿನ ಯಾದವಗಿರಿ ಫ್ಯಾಕ್ಟರೀಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾಗ್ತಿತ್ತಲ್ಲ, ಅವುಗಳ ಹೆಡ್‌ಲೈಟ್ ಮೇಲೆ ಚುಚ್ಚೋ ಕೀ ಒಂದು ಗಾಡೀದು ಇನ್ನೊಂದಕ್ಕೂ ಆಗೋದು, ಹಳಬರನ್ನ ಕೇಳಿ ನೋಡಿ. ಆಗ ಊರಿಗೆ ನಾಲ್ಕು ಗಾಡಿ, ಸದ್ದು ಕೇಳಿದ್ರೇ ಇದು ಇಂಥವರ ಮನೇದು ಅಂತ ಗೊತ್ತಾಗೋದು. ಈಗ ಸಂತೆ ದಿನ ಒಂದೇ ಬಣ್ಣದ ಒಂದೇ ಮಾಡೆಲ್ ಗಾಡಿಗಳು ಸಾಲಾಗಿ ನಿಂತಿದ್ರೆ ಓನರ್‌ಗೇ ತನ್ನದು ಯಾವುದು ಅಂತ ಗೊತ್ತಾಗಲ್ಲ, ಸವೆದಿರೋ ಲಾಕ್ ಆದ್ರೆ ಪಕ್ಕದ ಗಾಡಿ ಕೀಗೂ ತಿರುಗಿಬಿಡುತ್ತೆ.

ಬರೀ ಕೀ ಮಾಡೋರನ್ನ ದೂರಿ ಪ್ರಯೋಜನ ಇಲ್ಲ, ಸ್ಪೇರ್ಸ್ ಅಂಗಡಿಯವರು ನಾವೂ ಯಾರು ಬಂದು ಕೇಳಿದ್ರೂ ಲಾಕ್ ಸೆಟ್ ಕೊಟ್ಟು ಕಳಿಸೋರೇ. ಈಗ ನಮ್ಮಂಗಡೀಲಿ ಆರ್‌ಸಿ ತೋರಿಸಿ ಅಂತ ಬೋರ್ಡ್ ಹಾಕಿದೀನಿ. ‘ಏನಣ್ಣ, ನಮ್ಮನ್ನೇ ಕಳ್ಳರು ಅಂದ್ಕೊಂಡ್ರಾ’ ಅಂತ ಮುಖ ಊದಿಸ್ಕೋತಾರೆ, ಒಬ್ರು ಯಜಮಾನ್ರಂತೂ ‘ನಿಮ್ಮಪ್ಪನ ಕಾಲದಿಂದ ಬತ್ತಾ ಇವ್ನಿ, ನನ್ನೇ ಕೇಳೀಯಾ’ ಅಂತ ಎದ್ದೇ ಹೋದ್ರು. ಬೇಜಾರಾಯ್ತು, ಆದ್ರೂ ಬೋರ್ಡ್ ತೆಗೆದಿಲ್ಲ. ಕಾಗದ ಹೊತ್ಕೊಂಡು ತಿರುಗೋ ಕಾಲವೂ ಅಲ್ಲ ಇದು, ಡಿಜಿಲಾಕರ್‌ನಲ್ಲೋ ಎಂ-ಪರಿವಾಹನ್‌ನಲ್ಲೋ ಫೋನ್‌ನಲ್ಲೇ ಆರ್‌ಸಿ ತೋರಿಸ್ಬೋದು, ಪೊಲೀಸರೇ ಅದನ್ನ ಒಪ್ಕೋಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಹ್ಯಾಂಡಲ್ ಕೆಳಗೆ ಫ್ರೇಮ್ ಮೇಲೆ ಒತ್ತಿರೋ ಚಾಸಿ ನಂಬರ್‌ನ ಆರ್‌ಸಿ ಜೊತೆ ಒಮ್ಮೆ ತಾಳೆ ನೋಡೋಕೆ ಎಷ್ಟು ಹೊತ್ತು ಬೇಕು.

ಲಾಕ್ ಬದಲಾಯಿಸೋರಿಗೂ ಎರಡು ಮಾತು. ಖರ್ಚು ಉಳಿಸಕ್ಕೆ ಇಗ್ನಿಷನ್ ಒಂದೇ ಹಾಕಿಸಿ ಟ್ಯಾಂಕ್ ಲಾಕು ಸೈಡ್ ಲಾಕು ಹಳೇದೇ ಬಿಟ್ರೆ ಕಳೆದ ಕೀ ಸಿಕ್ಕೋನು ಗಾಡಿ ಓಡಿಸಲ್ಲ ನಿಜ, ಪೆಟ್ರೋಲ್ ಆರಾಮಾಗಿ ಎಳ್ಕೊಂಡು ಹೋಗ್ತಾನೆ. ನಿಮ್ಗೂ ಎರಡೆರಡು ಕೀ ಹಿಡ್ಕೊಂಡು ಓಡಾಡೋ ಪಾಡು. ಲೋಕಲ್ ಸೆಟ್ ಅಗ್ಗ, ನಾನೂ ಮಾರ್ತೀನಿ, ಆದ್ರೆ ಬೇಗ ಸವೆಯುತ್ತೆ, ಮಳೆಗಾಲ ಬಂದ್ರೆ ಹಿಡ್ಕೊಳುತ್ತೆ, ಕೈಲಾದ್ರೆ ಕಂಪನಿದೇ ಹಾಕಿಸಿ. ಅರ್ಜೆಂಟ್ ಅಂತ ಕಾಲಲ್ಲಿ ಒದ್ದು ಹ್ಯಾಂಡಲ್ ಲಾಕ್ ಮುರ್ಸೋದು, ಆಮೇಲೆ ಕೀ ಇಲ್ದೇನೇ ಸ್ಟಾರ್ಟ್ ಆಗೋ ಹಂಗೆ ವೈರ್ ಡೈರೆಕ್ಟ್ ಮಾಡಿಸ್ಕೊಂಡು ತಿಂಗಳಾನುಗಟ್ಟಲೆ ಓಡಿಸೋದು, ಇದು ಮಾತ್ರ ಬೇಡವೇ ಬೇಡ. ಶಾರ್ಟ್ ಆಗಿ ವೈರಿಂಗ್ ಸುಡುತ್ತೆ, ಗಾಡಿಗೆ ಬೀಗವೇ ಇಲ್ಲದ ಹಂಗೆ.

ಇನ್ನು ಇನ್ಶೂರೆನ್ಸ್. ಗಾಡಿ ಕಳ್ಳತನ ಆಗಿ ಕ್ಲೇಮ್ ಹಾಕಿದ್ರೆ ಅವರು ಮೊದಲು ಕೇಳೋದ್ರಲ್ಲಿ ಒಂದು, ಎರಡೂ ಕೀ ತಂದು ಕೊಡಿ ಅನ್ನೋದು. ಒಂದೇ ಇದೆ ಅಂದ್ರೆ ಇನ್ನೊಂದು ಎಲ್ಲಿ, ಯಾವಾಗ ಹೋಯ್ತು, ಆಗ ಯಾಕೆ ಹೇಳ್ಲಿಲ್ಲ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಅದಕ್ಕೆ ಕೀ ಕಳೆದ ದಿನವೇ ಪೊಲೀಸರಿಗೆ ಕಳೆದ ವಸ್ತು ಅಂತ ದೂರು ಕೊಟ್ಟು ರಸೀದಿ ಇಟ್ಕೊಳ್ಳಿ, ಲಾಕ್ ಸೆಟ್ ಹಾಕಿಸಿದ ಬಿಲ್ಲೂ ಇಟ್ಕೊಳ್ಳಿ. ಬಿಲ್ ಬೇಡ ಬುಡಿ, ಜಿಎಸ್‌ಟಿ ಬಿಟ್ಟು ಹೇಳಿ ಅನ್ನೋರಿಗೆ ನಾನು ಇದನ್ನೇ ಹೇಳೋದು, ಯಾರು ಕೇಳ್ತಾರೆ.

ನಗರಸಭೆಯವರಲ್ಲಿ ಮತ್ತೆ ಪೊಲೀಸರಲ್ಲಿ ನನ್ನ ವಿನಂತಿ ಇಷ್ಟು. ಕೀ ಮಾಡೋರನ್ನ ಫುಟ್‌ಪಾತ್‌ನಿಂದ ಎಬ್ಬಿಸೋ ಕೆಲಸ ಖಂಡಿತ ಬೇಡ, ಅವರಿಲ್ಲ ಅಂದ್ರೆ ನಮ್ಮಂಥೋರ ಪಾಡು ನಾಯಿಪಾಡು. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ, ಅದರಲ್ಲಿ ಗುರುತಿನ ಚೀಟಿ ಕೊಡೋಕೆ ಅವಕಾಶ ಇದೆ, ಅದನ್ನ ಇವರಿಗೂ ಕೊಡ್ಲಿ. ಒಂದು ನೋಟ್ ಬುಕ್ ಇಟ್ಕೊಂಡು ಗಾಡಿ ನಂಬರು, ತಂದೋರ ಹೆಸರು, ಫೋನ್ ನಂಬರ್ ಬರ್ಕೊಳೋದು ಅಭ್ಯಾಸ ಆಗ್ಲಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಠಾಣೆಗೆ ಕರೆದಾಗ ಅವರ ಪರವಾಗಿ ಮಾತಾಡೋದೂ ಆ ನೋಟ್ ಬುಕ್ಕೇ. ಈಗ ಬಡಪಾಯಿ ಯಾರಿಗೋ ಕೀ ಮಾಡ್ಕೊಟ್ಟ ತಪ್ಪಿಗೆ ಕಳ್ಳನ ಜೊತೆ ತಾನೂ ನಿಂತ್ಕೋಬೇಕಾಗುತ್ತೆ. ಠಾಣೇಲಿ ಒಂದು ಸಲ ಎಲ್ಲರನ್ನೂ ಕೂರಿಸಿ ಮಾತಾಡಿದ್ರೆ ಮುಗೀತು, ಅದಕ್ಕೆ ದೊಡ್ಡ ಆದೇಶ ಏನೂ ಬೇಡ. ಸ್ಪೇರ್ಸ್ ಅಂಗಡಿಯವರನ್ನೂ ಮೆಕ್ಯಾನಿಕ್‌ಗಳನ್ನೂ ಕರೀಲಿ, ಅಂಗಡಿ ಬಾಗಿಲು ಹಾಕ್ಕೊಂಡು ನಾನಂತೂ ಬರ್ತೀನಿ.

– ಬೈಕ್ ಸ್ಪೇರ್ಸ್ ವ್ಯಾಪಾರಿ, ಮಂಡ್ಯ